ಸಂಸಾರದೊಳಗಿನ ಥ್ರಿಲ್ಲರ್, ಮುನಿಸಿಕೊಂಡ ಓದುಗರು

ಗಿಲಿಯನ್ ಫ್ಲಿನ್ ಅವರ 'ಗಾನ್ ಗರ್ಲ್' 2012ರ ಜೂನ್‌ನಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅಂದಿನಿಂದ ಅದರ ಕೊನೆಯ ಬಗ್ಗೆ ನಡೆದಿರುವ ಜಗಳ ಇನ್ನೂ ತಣ್ಣಗಾಗಿಲ್ಲ. ನಡುರಾತ್ರಿಯವರೆಗೂ ಎಚ್ಚರವಿದ್ದು ಓದಿದವರೇ ಕೊನೆಯ ಪುಟ ಮುಗಿಸಿ ಸಿಟ್ಟಾಗಿದ್ದಾರೆ. ಇಷ್ಟೆಲ್ಲ ಕಟ್ಟಿ, ಇಲ್ಲಿಗೆ ತಂದು ಕೈಬಿಟ್ಟರಲ್ಲ ಎಂಬುದು ಅವರ ದೂರು. ಇನ್ನು ಕೆಲವರಿಗೆ ಆ ಕೊನೆಯೇ ಕಾದಂಬರಿಯ ಜೀವ. ಅದೇ ಪುಸ್ತಕ, ಅದೇ ಪುಟ, ಎರಡು ತೀರ್ಪು. ಈ ಭಿನ್ನಾಭಿಪ್ರಾಯವನ್ನು ರುಚಿಭೇದ ಎಂದು ಹೇಳಿ ಮುಗಿಸಿಬಿಟ್ಟರೆ ಒಂದು ಇಡೀ ಪರಂಪರೆಯನ್ನು ಅರ್ಥಮಾಡಿಕೊಳ್ಳುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. ಕತೆಯ ಕೊನೆಯನ್ನು ಬಿಚ್ಚಿಡದೆ ಈ ಮಾತು ಮುಂದುವರಿಸಲು ಸಾಧ್ಯವಿಲ್ಲ. ಓದಬೇಕೆಂದಿರುವವರು ಓದಿಯೇ ಬರಲಿ.

ಮಿಸೌರಿಯ ಒಂದು ಊರಲ್ಲಿ, ಮದುವೆಯ ಐದನೇ ವಾರ್ಷಿಕೋತ್ಸವದ ದಿನ ನಿಕ್ ಡನ್‌ನ ಹೆಂಡತಿ ಏಮಿ ಕಾಣೆಯಾಗುತ್ತಾಳೆ. ಒಂದು ಅಧ್ಯಾಯವನ್ನು ನಿಕ್ ಹೇಳುತ್ತಾನೆ, ಮುಂದಿನ ಅಧ್ಯಾಯ ಏಮಿಯ ಡೈರಿ. ಡೈರಿ ಓದುತ್ತ ಓದುತ್ತ ಗಂಡನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಕಾದಂಬರಿಯ ನಡುವಿಗೆ ಬರುವಾಗ ಏಮಿ ಬದುಕಿದ್ದಾಳೆ, ಡೈರಿ ಗಂಡನನ್ನು ಕೊಲೆಗಾರನನ್ನಾಗಿ ಮಾಡಲೆಂದೇ ಬರೆದದ್ದು ಎಂದು ತಿಳಿಯುತ್ತದೆ. ಮುಂದೆ ಆಕೆ ತನ್ನ ಹಳೆಯ ಗೆಳೆಯ ಡೆಸಿಯನ್ನು ಕೊಂದು, ಅವನೇ ನನ್ನನ್ನು ಅಪಹರಿಸಿದ್ದ ಎಂಬ ಕತೆ ಕಟ್ಟಿಕೊಂಡು ಮನೆಗೆ ಮರಳುತ್ತಾಳೆ. ನಿಕ್‌ಗೆ ಎಲ್ಲ ಗೊತ್ತು, ರುಜುವಾತು ಮಾತ್ರ ಇಲ್ಲ. ನಡೆದದ್ದನ್ನೆಲ್ಲ ಒಂದು ಪುಸ್ತಕವಾಗಿ ಬರೆದಿಟ್ಟಿರುತ್ತಾನೆ. ಏಮಿ ತಾನು ಗರ್ಭಿಣಿ ಎಂದು ತಿಳಿಸಿದ ಮೇಲೆ ಅದನ್ನು ತನ್ನ ಕೈಯಾರೆ ಅಳಿಸಿಹಾಕುತ್ತಾನೆ. ಕಾದಂಬರಿಯ ಕೊನೆಯ ಮಾತೂ ಏಮಿಯದೇ.

ಶಿಕ್ಷೆ ಎಲ್ಲಿ ಎಂದು ಕೇಳುವ ಓದುಗರ ಬಗ್ಗೆ ನನಗೆ ಗೌರವವಿದೆ. ಅವರು ಕಾದಂಬರಿಯನ್ನು ಹೊತ್ತು ಕಳೆಯುವ ಆಟವೆಂದು ತಿಳಿದಿಲ್ಲ, ನ್ಯಾಯದ ಪ್ರಶ್ನೆಯನ್ನು ಅದರ ಮುಂದಿಟ್ಟಿದ್ದಾರೆ. ಆದರೂ ನಾನು ಅವರ ಜೊತೆಗಿಲ್ಲ. ಏಮಿ ಪ್ರತಿ ವಾರ್ಷಿಕೋತ್ಸವಕ್ಕೂ ಗಂಡನಿಗೊಂದು ನಿಧಿ ಹುಡುಕುವ ಆಟ ಇಡುತ್ತಿದ್ದಳು. ಪ್ರಾಸ ಕೂಡಿಸಿದ ಸುಳಿವುಗಳು, ಇಬ್ಬರಿಗೇ ಗೊತ್ತಿರುವ ಜಾಗಗಳು. ಒಂದನ್ನೂ ಅವನು ನೆಟ್ಟಗೆ ಬಿಡಿಸಿದವನಲ್ಲ. ಆಕೆ ಕಾಣೆಯಾದ ಮೇಲೆ ಆ ಸುಳಿವುಗಳನ್ನು ಮೊದಲ ಬಾರಿಗೆ ಮನಸ್ಸಿಟ್ಟು ಓದುತ್ತಾನೆ. ಓದುತ್ತ ಹೆಂಡತಿಯ ಮೇಲೆ ಮತ್ತೆ ಒಲವು ಮೂಡುತ್ತದೆ. ಅವನ ಕೊರಳಿಗೆ ಉರುಳು ಬಿಗಿಯುವುದೂ ಅದೇ ಸುಳಿವುಗಳು. ಇಷ್ಟು ನಿಖರವಾಗಿ ಹೆಣೆದ ದಾಂಪತ್ಯವನ್ನು ಕೊನೆಗೆ ಪೊಲೀಸ್ ಜೀಪು ಬಂದು ಬಿಡಿಸಿದ್ದರೆ ಒಂದು ಕೇಸು ಮುಗಿಯುತ್ತಿತ್ತು, ಅಷ್ಟೇ. ಇವರಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಏಕೆ ಹೋಗಲಾರರು ಎಂಬ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ಫ್ಲಿನ್ ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರ ಹಿತವಾಗಿಲ್ಲ ಎಂಬುದು ಬೇರೆ ಮಾತು.

ಈ ಬಗೆಯ ಬರವಣಿಗೆಗೆ 'ಡೊಮೆಸ್ಟಿಕ್ ನುವಾರ್' ಎಂಬ ಹೆಸರನ್ನು ಚಾಲ್ತಿಗೆ ತಂದವರು ಇಂಗ್ಲೆಂಡಿನ ಲೇಖಕಿ ಜೂಲಿಯಾ ಕ್ರೌಚ್, 2013ರಲ್ಲಿ. ಹೆಸರು ಹೊಸದು, ಬಗೆ ಹಳೆಯದು. ಆಂಟನಿ ಬರ್ಕ್ಲಿ ಕಾಕ್ಸ್ ಅವರು ಫ್ರಾನ್ಸಿಸ್ ಐಲ್ಸ್ ಎಂಬ ಹೆಸರಿನಲ್ಲಿ 1932ರಲ್ಲಿ ಬರೆದ 'ಬಿಫೋರ್ ದ ಫ್ಯಾಕ್ಟ್' ಕಾದಂಬರಿಯ ನಾಯಕಿ ತನ್ನ ಗಂಡ ಕೊಲೆಗಾರನೆಂದು ತಿಳಿದೂ ಅವನು ಕೊಟ್ಟ ವಿಷವನ್ನು ಕುಡಿಯುತ್ತಾಳೆ. ಹಿಚ್‌ಕಾಕ್ 1941ರಲ್ಲಿ ಅದನ್ನು 'ಸಸ್ಪಿಶನ್' ಎಂದು ಸಿನಿಮಾ ಮಾಡಿದಾಗ ಗಂಡ ನಿರಪರಾಧಿಯಾಗಿಬಿಟ್ಟ. ಡಾಫ್ನೆ ಡು ಮೊರಿಯೆ ಅವರ 'ರೆಬೆಕ್ಕಾ' (1938) ಕಾದಂಬರಿಯಲ್ಲಿ ಮ್ಯಾಕ್ಸಿಮ್ ಮೊದಲ ಹೆಂಡತಿಯನ್ನು ಗುಂಡಿಟ್ಟು ಕೊಂದಿದ್ದಾನೆ. 1940ರ ಸಿನಿಮಾದಲ್ಲಿ ಆಕೆ ಎಡವಿ ಬಿದ್ದು ಸಾಯುತ್ತಾಳೆ. ಕೊಲೆ ಮಾಡಿದ ಗಂಡ ಶಿಕ್ಷೆಯಿಲ್ಲದೆ ಉಳಿಯುವುದನ್ನು ಅಂದಿನ ಹಾಲಿವುಡ್ ನಿಯಮಾವಳಿ ಒಪ್ಪುತ್ತಿರಲಿಲ್ಲ. ಇವತ್ತಿನ ಓದುಗರ ಮುನಿಸಿಗೂ ಆ ನಿಯಮಾವಳಿಗೂ ನೆಂಟಸ್ತನವಿದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. 'ರೆಬೆಕ್ಕಾ' ಓದುವಾಗ ನಾವು ಕೊಲೆಗಾರ ಗಂಡ ತಪ್ಪಿಸಿಕೊಳ್ಳಲಿ ಎಂದೇ ಹಾರೈಸುತ್ತೇವೆ. ಎರಡನೇ ಹೆಂಡತಿಯ ಪ್ರೀತಿ ನಮ್ಮನ್ನು ಅಷ್ಟರಮಟ್ಟಿಗೆ ಅವನ ಪಕ್ಷಕ್ಕೆ ಎಳೆದಿರುತ್ತದೆ. ತಪ್ಪಿಸಿಕೊಂಡವನು ಗಂಡನಾದಾಗ ಮೂಡದ ಸಿಟ್ಟು ತಪ್ಪಿಸಿಕೊಂಡವಳು ಹೆಂಡತಿಯಾದಾಗ ಮೂಡುವುದಾದರೆ, ಅದರ ಕಾರಣವನ್ನು ಓದುಗರು ತಮ್ಮೊಳಗೂ ಹುಡುಕಬೇಕಾಗುತ್ತದೆ.

ಓದುಗರ ಇನ್ನೊಂದು ದೂರು ಮೋಸದ್ದು. ನಿರೂಪಕನೇ ಸುಳ್ಳು ಹೇಳಿದರೆ ಓದುವವರ ಗತಿಯೇನು? ಈ ವ್ಯಾಜ್ಯದ ಮೂಲ 1926ರ 'ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್'. ಕತೆ ಹೇಳುವ ಡಾಕ್ಟರ್ ಶೆಪರ್ಡ್‌ನೇ ಕೊಲೆಗಾರ ಎಂದು ತಿಳಿದಾಗ ಹಲವರು ಅಗಾಥಾ ಕ್ರಿಸ್ಟಿ ಅವರನ್ನು ಆಟದ ನಿಯಮ ಮುರಿದವರೆಂದು ದೂರಿದರು. ಡೊರೊತಿ ಸೇಯರ್ಸ್ ಅವರು ಎಲ್ಲರನ್ನೂ ಅನುಮಾನಿಸುವುದೇ ಓದುಗರ ಕೆಲಸ ಎಂದು ಕ್ರಿಸ್ಟಿಯ ಪರ ನಿಂತರು. ನನ್ನ ಮಟ್ಟಿಗೆ ಇದಕ್ಕೊಂದು ಸರಳ ಪರೀಕ್ಷೆ ಇದೆ. ಗುಟ್ಟು ತಿಳಿದ ಮೇಲೆ ಮತ್ತೊಮ್ಮೆ ಓದಿದಾಗ ಹಿಂದಿನ ಪುಟಗಳು ಇನ್ನೂ ತುಂಬಿಕೊಂಡು ಕಾಣಬೇಕು. ಶೆಪರ್ಡ್‌ನ ಮಾತುಗಳು ಹಾಗೆ ಕಾಣುತ್ತವೆ, ಅವನು ಸುಳ್ಳಾಡಿಲ್ಲ, ಕೆಲವನ್ನು ಬಿಟ್ಟು ಹೇಳಿದ್ದಾನೆ.

ಏಮಿಯ ಡೈರಿ ಈ ಪರೀಕ್ಷೆಯಲ್ಲಿ ಎಷ್ಟು ಚೆನ್ನಾಗಿ ಗೆಲ್ಲುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಮೊದಲ ಓದಿನಲ್ಲಿ ಆ ಡೈರಿ ಸ್ವಲ್ಪ ಹೆಚ್ಚೇ ಚೆಂದ ಅನ್ನಿಸುತ್ತದೆ. ಅದರಲ್ಲಿ ದೃಶ್ಯಗಳಿವೆ, ಒಪ್ಪವಾದ ಸಂಭಾಷಣೆಗಳಿವೆ, ಹದವರಿತ ಹಾಸ್ಯವಿದೆ, ಭಯವೂ ಅಳತೆ ಹಾಕಿದಂತೆ ಹಂತಹಂತವಾಗಿ ಏರುತ್ತದೆ. ತನಗಾಗಿ ದಿನಚರಿ ಬರೆದುಕೊಳ್ಳುವವರು ಹೀಗೆ ಬರೆಯುವುದುಂಟೇ ಎಂಬ ಅನುಮಾನ ಒಂದು ಕ್ಷಣ ಬಂದು, ಕಾದಂಬರಿಯಲ್ಲವೇ, ಇರಲಿ ಎಂದು ಮುಂದೆ ಹೋಗುತ್ತೇವೆ. ಆ ಅನುಮಾನವೇ ನಿಜವಾದ ಸುಳಿವು. ಡೈರಿ ಇನ್ನೊಬ್ಬರು ಓದಲೆಂದೇ ಬರೆದದ್ದು. ಪೊಲೀಸರ ಕೈಗೆ ಸಿಗಲೆಂದು ಬರೆದ ಕಟ್ಟುಕತೆಯಾದ್ದರಿಂದಲೇ ಅದು ಕಾದಂಬರಿಯಂತಿದೆ. ಇಲ್ಲಿ ತಂತ್ರವೂ ಪಾತ್ರವೂ ಒಂದೇ. ಏಮಿಯ ಅಪ್ಪ ಅಮ್ಮ ಮಗಳನ್ನೇ ನಾಯಕಿಯಾಗಿಸಿ ಮಕ್ಕಳ ಪುಸ್ತಕಗಳ ಮಾಲೆ ಬರೆದು ಹಣ ಮಾಡಿದವರು. ಹುಟ್ಟಿದಾಗಿನಿಂದ ಬೇರೆಯವರ ಕತೆಯಲ್ಲಿ ಬದುಕಿದವಳು ತನ್ನ ಕತೆಯನ್ನು ತಾನೇ ಬರೆಯಲು ಹೊರಟಾಗ ಅದು ಇಷ್ಟು ನುಣುಪಾಗಿರುವುದು ಸಹಜವೇ.

ಈಗ 2019ರಲ್ಲಿ ಬಂದ ಅಲೆಕ್ಸ್ ಮೈಕೆಲಿಡಿಸ್ ಅವರ 'ದ ಸೈಲೆಂಟ್ ಪೇಶಂಟ್' ತೆಗೆದುಕೊಳ್ಳಿ. ಗಂಡನನ್ನು ಗುಂಡಿಕ್ಕಿ ಕೊಂದ ಚಿತ್ರಕಾರ್ತಿ ಅಲಿಸಿಯಾ ಆಮೇಲೆ ಒಂದು ಮಾತೂ ಆಡುವುದಿಲ್ಲ. ಆಕೆಯ ಡೈರಿಯೂ ಕಾದಂಬರಿಯ ನಡುನಡುವೆ ಬರುತ್ತದೆ. ಅದರಲ್ಲೂ ಉದ್ದುದ್ದ ಸಂಭಾಷಣೆಗಳು, ಕುತೂಹಲದಲ್ಲಿ ನಿಲ್ಲಿಸಿದ ಕೊನೆಗಳು. ಆದರೆ ಈ ಡೈರಿಯನ್ನು ನಾವು ನಿಜವೆಂದೇ ನಂಬಬೇಕು. ಫ್ಲಿನ್ ಅವರಲ್ಲಿ ಸುಳಿವಾಗಿದ್ದದ್ದು ಇಲ್ಲಿ ಅಭ್ಯಾಸವಾಗಿ ಇಳಿದಿದೆ. ಕೊನೆಯ ತಿರುವೂ ಅಷ್ಟೆ. ಆಸ್ಪತ್ರೆಯಲ್ಲಿ ಅಲಿಸಿಯಾಗೆ ಚಿಕಿತ್ಸೆ ಕೊಡುವ ಥಿಯೋನ ಮನೆಯ ಕತೆ ಆಸ್ಪತ್ರೆಯ ಕತೆಯ ಜೊತೆಜೊತೆಗೆ ನಡೆಯುತ್ತಿದೆ ಎಂದುಕೊಂಡಿರುತ್ತೇವೆ. ಅದು ಎಷ್ಟೋ ವರ್ಷ ಹಿಂದಿನದು ಎಂದು ಕೊನೆಗೆ ತಿಳಿಯುತ್ತದೆ. ಬೆಚ್ಚಿಬೀಳುವುದು ನಿಜ. ಬೆಚ್ಚಿದ ಮೇಲೆ ಥಿಯೋನ ಬಗ್ಗೆಯಾಗಲಿ ಅಲಿಸಿಯಾಳ ಬಗ್ಗೆಯಾಗಲಿ ಹೊಸದಾಗಿ ತಿಳಿಯುವುದು ಕಡಿಮೆ. ಲೇಖಕರು ಅಧ್ಯಾಯಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದು ತಿಳಿಯುತ್ತದೆ. ಈ ಕಾದಂಬರಿಯನ್ನು ಮೆಚ್ಚಿದವರು ತಿರುವನ್ನು ಮೆಚ್ಚಿದ್ದಾರೆ, ಮೆಚ್ಚದವರು ತಿರುವಿನ ಹೊರತು ಏನಿದೆ ಎಂದು ಕೇಳಿದ್ದಾರೆ. ನನ್ನದು ಎರಡನೆಯವರ ಪ್ರಶ್ನೆಯೇ.

ಪೌಲಾ ಹಾಕಿನ್ಸ್ ಅವರ 'ದ ಗರ್ಲ್ ಆನ್ ದ ಟ್ರೇನ್' (2015) ಬಗ್ಗೆ ಓದುಗರು ಹೆಚ್ಚು ಕಟುವಾಗಿದ್ದಾರೆ. ಕುಡಿತಕ್ಕೆ ಬಿದ್ದು ಕೆಲಸ ಕಳೆದುಕೊಂಡ ರೇಚಲ್, ಕೆಲಸಕ್ಕೆ ಹೋಗುವವಳಂತೆ ದಿನವೂ ಲಂಡನ್ ರೈಲು ಹತ್ತುತ್ತಾಳೆ. ಅವಳ ನೆನಪಿನಲ್ಲಿ ತೂತುಗಳಿವೆ. ಇಂಥವಳ ಜೊತೆ ಮುನ್ನೂರು ಪುಟ ಕಳೆಯುವುದು ಹೇಗೆ ಎಂಬ ಬೇಸರ, ಮರೆವನ್ನು ಲೇಖಕಿ ಅನುಕೂಲಕ್ಕೆ ತಕ್ಕಂತೆ ಬಳಸಿಕೊಂಡಿದ್ದಾರೆ ಎಂಬ ಆಕ್ಷೇಪ. ಎರಡನ್ನೂ ನಾನು ಒಪ್ಪುವುದಿಲ್ಲ. ಹಿಂದೊಂದು ರಾತ್ರಿ ಗಾಲ್ಫ್ ಕೋಲು ಬೀಸಿ ಗಂಡನ ಮೇಲೆ ಏರಿಹೋದೆ ಎಂದು ರೇಚಲ್ ನಂಬಿದ್ದಾಳೆ. ಗೋಡೆಯಲ್ಲಿ ಗಾರೆ ಕಿತ್ತ ಗುರುತಿದೆ. ಆ ರಾತ್ರಿಯ ನೆನಪು ಅವಳದಲ್ಲ, ಮರುದಿನ ಬೆಳಿಗ್ಗೆ ಗಂಡ ಟಾಮ್ ಹೇಳಿಕೊಟ್ಟದ್ದು. ಕಾಲ ಕಳೆದಂತೆ ಅವಳನ್ನು ಒಂದು ವಿಷಯ ಕಾಡತೊಡಗುತ್ತದೆ. ಆ ರಾತ್ರಿಯನ್ನು ನೆನೆದಾಗ ತನ್ನ ಮೈಯಲ್ಲಿ ಏಳುವುದು ಸಿಟ್ಟಲ್ಲ, ಹೆದರಿಕೆ. ಕೋಲು ಬೀಸಿದವನು ಅವನು. ಇಲ್ಲಿ ಮರೆವು ಲೇಖಕಿಯ ಅನುಕೂಲವಲ್ಲ, ಗಂಡನ ಆಯುಧ. ಹೊಡೆದವನೇ ಹೊಡೆಸಿಕೊಂಡವಳ ನೆನಪನ್ನೂ ಬರೆದುಕೊಡುವ ಮನೆಗಳು ನಮ್ಮ ಸುತ್ತಮುತ್ತಲೂ ಇವೆ. ಭಾಷೆಯಲ್ಲಿ ಹಾಕಿನ್ಸ್ ಫ್ಲಿನ್‌ಗಿಂತ ಬಡವರು, ಮೂವರು ನಿರೂಪಕಿಯರ ದನಿಗಳೂ ಬೇಗ ಒಂದರೊಳಗೊಂದು ಬೆರೆತುಹೋಗುತ್ತವೆ. ಆದರೆ ಈ ಒಂದು ಕಾಣ್ಕೆಗಾಗಿ ಕಾದಂಬರಿ ಉಳಿಯುತ್ತದೆ.

'ಗಾನ್ ಗರ್ಲ್' ಮೇಲಿನ ಅತಿ ಗಂಭೀರ ಆರೋಪವೆಂದರೆ ಅದು ಹೆಣ್ಣಿನ ವಿರುದ್ಧ ಇದೆ ಎಂಬುದು. ಹೆಂಗಸರೂ ಕೆಟ್ಟವರಾಗಿರಲು ಸಾಹಿತ್ಯದಲ್ಲಿ ಜಾಗ ಬೇಕು ಎಂಬುದು ಫ್ಲಿನ್ ಅವರ ನಿಲುವು. ಆ ನಿಲುವು ಸರಿ. ಗಂಡಸು ಬಯಸುವ ಹೆಣ್ಣಿನ ವೇಷ ತೊಟ್ಟು ಬದುಕುವ ದಣಿವಿನ ಬಗ್ಗೆ ಏಮಿ ಆಡುವ ಮಾತನ್ನು, ಅವಳನ್ನು ದ್ವೇಷಿಸುವ ಓದುಗಿತಿಯರೂ ಒಪ್ಪಿಕೊಂಡಿದ್ದಾರೆ. ಆದರೆ ಅವಳು ಅತ್ಯಾಚಾರದ ಸುಳ್ಳು ದೂರನ್ನು ಒಂದಲ್ಲ, ಎರಡು ಸಲ ಆಯುಧವಾಗಿ ಬಳಸುತ್ತಾಳೆ, ಹಿಂದೆ ಒಬ್ಬ ಗೆಳೆಯನ ಮೇಲೆ, ಆಮೇಲೆ ಸತ್ತ ಡೆಸಿಯ ಮೇಲೆ. ದಾಂಪತ್ಯದ ವಿವರಗಳಲ್ಲಿ ಅಷ್ಟು ಸೂಕ್ಷ್ಮವಾಗಿರುವ ಲೇಖಕಿ ಇಲ್ಲಿ ಸಿದ್ಧ ಸಾಮಗ್ರಿಗೆ ಕೈಹಾಕಿದ್ದಾರೆ. ನಿಜವಾದ ದೂರನ್ನೂ ನಂಬದ ಸಮಾಜದಲ್ಲಿ ಈ ಸಾಮಗ್ರಿಗೆ ಬೇರೆಯೇ ತೂಕವಿದೆ. ಈ ಕಾರಣಕ್ಕೆ ಪುಸ್ತಕ ಮುಚ್ಚಿಟ್ಟ ಓದುಗರ ಜೊತೆ ನಾನು ವಾದಿಸಲಾರೆ.

ಆಮೇಲಿನದು ಮಾರುಕಟ್ಟೆಯ ಕತೆ. ಹೆಸರಿನಲ್ಲಿ 'ಗರ್ಲ್' ಇರುವ ಪುಸ್ತಕಗಳು ಸಾಲುಗಟ್ಟಿದವು. ನೀವು ಊಹಿಸಲಾರದ ತಿರುವು ಎಂಬ ಭರವಸೆ ಮುಖಪುಟಕ್ಕೇ ಏರಿತು. ತಿರುವಿದೆ ಎಂದು ಮೊದಲೇ ಹೇಳಿಸಿಕೊಂಡವರು ಮನುಷ್ಯರನ್ನು ಬಿಟ್ಟು ತಿರುವನ್ನೇ ಹುಡುಕುತ್ತಾರೆ. ನಲವತ್ತನೇ ಪುಟಕ್ಕೇ ಗೊತ್ತಾಯಿತು ಎನ್ನುವ ದೂರು ಹುಟ್ಟುವುದು ಹೀಗೆ. ಅದರಲ್ಲಿ ಓದುಗರ ತಪ್ಪು ಏನೂ ಇಲ್ಲ.

ಕನ್ನಡದಲ್ಲಿ ಅಪರಾಧದ ಕತೆ, ಸಂಸಾರದ ಕತೆ ಎಂಬ ಈ ಎರಡು ಎಳೆಗಳು ಬೇರೆಬೇರೆಯಾಗಿಯೇ ಬೆಳೆದವು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಸಾವಿರಾರು ಜನರಿಗೆ ಓದಿನ ರುಚಿ ಹತ್ತಿಸಿದ. ಅವನ ಕೆಲಸ ಅಪರಾಧಿಯನ್ನು ಹಿಡಿಯುವುದು, ಮನೆಯೊಳಗಿನ ಮೌನದ ತಂಟೆಗೆ ಅವನು ಹೋಗಲಿಲ್ಲ. ಆ ಮೌನವನ್ನು ಬರೆದವರು ತ್ರಿವೇಣಿ. 'ಶರಪಂಜರ'ದ ಕಾವೇರಿ ಬಾಣಂತನದಲ್ಲಿ ಬುದ್ಧಿಭ್ರಮಣೆಯಾಗಿ, ಗುಣವಾಗಿ ಮನೆಗೆ ಮರಳುತ್ತಾಳೆ. ಮರಳಿದವಳ ಒಂದು ಮಾತನ್ನೂ ಯಾರೂ ನಂಬುವುದಿಲ್ಲ, ಅವಳ ಪ್ರತಿ ನಡೆಯಲ್ಲೂ ಹುಚ್ಚಿನ ಗುರುತನ್ನೇ ಹುಡುಕುತ್ತಾರೆ. ರೇಚಲ್‌ಗಿಂತ ದಶಕಗಳ ಮುಂಚೆ ಕನ್ನಡದ ಲೇಖಕಿಯೊಬ್ಬರು ಈ ಹೆಣ್ಣನ್ನು ಕಂಡಿದ್ದರು. 'ಶರಪಂಜರ'ವನ್ನು ನಾವು ಮನೋವೈಜ್ಞಾನಿಕ ಕಾದಂಬರಿ ಎಂದು ಕರೆದು ಒಂದು ಕಪಾಟಿನಲ್ಲಿಟ್ಟೆವು, ಪುರುಷೋತ್ತಮನನ್ನು ಇನ್ನೊಂದರಲ್ಲಿ. ಎರಡನ್ನೂ ಓದಿದ ಓದುಗರು ಹಲವು ಮನೆಗಳಲ್ಲಿ ಒಬ್ಬರೇ ಆಗಿದ್ದರು, ಒಂದೇ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎರಡನ್ನೂ ತರುತ್ತಿದ್ದರು. ಆ ಓದುಗರಿಗೆಂದೇ, ಕಾವೇರಿಯ ಮಾತನ್ನೇ ಸಾಕ್ಷಿಯಾಗಿ ಹಿಡಿದು ಅವಳ ಗಂಡನ ಮೇಲೆ ಅನುಮಾನದ ಬೆಳಕು ಬಿಡುವ ಕನ್ನಡ ಥ್ರಿಲ್ಲರನ್ನು ಯಾರಾದರೂ ಬರೆಯಲೇಬೇಕು. ಅದರ ಕೊನೆಯ ಬಗ್ಗೆಯೂ ಜಗಳವಾಗಲಿ.