ದನಿ ಏರಿಸದ ಹಾಡುಗಾರ್ತಿ

ಫ್ರೆಂಚ್ ಗಾಯಕಿ ಫ್ರಾಂಸ್ವಾಜ್ ಆರ್ದಿ ಬಗ್ಗೆ ಬಂದಿರುವ ಮೆಚ್ಚುಗೆಯ ಬರಹಗಳಲ್ಲೂ ಒಂದು ಸಣ್ಣ ರಿಯಾಯಿತಿ ಇರುತ್ತದೆ. ದನಿ ಚಿಕ್ಕದು, ಆದರೆ ಮೋಹಕ. ವೇದಿಕೆ ಒಗ್ಗಲಿಲ್ಲ, ಆದರೆ ಎಂಥ ಚೆಲುವೆ. ಹಾಡುಗಳೆಲ್ಲ ಒಂದೇ ಬಗೆ, ಆದರೆ ಆ ಕಾಲದ ನೆನಪು ತರುತ್ತವೆ. ಕಡಿಮೆ ಅಂಕ ತೆಗೆದ ಹುಡುಗಿಯನ್ನು ಒಳ್ಳೆಯ ನಡತೆಗಾಗಿ ಪಾಸು ಮಾಡಿದ ಹಾಗೆ. ಈ ‘ಆದರೆ’ಗಳನ್ನು ಕಿತ್ತುಹಾಕಬೇಕು ಎಂಬುದು ನನ್ನ ವಾದ. ಆರ್ದಿಯ ದನಿ ಚಿಕ್ಕದಾಗಿದ್ದರೂ ಹಾಡು ಚೆನ್ನಾಗಿ ಬಂತು ಎನ್ನುವುದು ತಪ್ಪು. ಆ ದನಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಚೆನ್ನಾಗಿ ಅಳೆದು, ಅಷ್ಟು ದೂರದಲ್ಲಿ ಕೂತವರಿಗೆಂದೇ ಅವರು ಹಾಡು ಕಟ್ಟಿದರು. ಹಾಗಾಗಿ ಗಾಯಕಿ ಆರ್ದಿಯನ್ನೂ ಗೀತಕಾರ್ತಿ ಆರ್ದಿಯನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. (ಹೆಸರಿನ ಮೊದಲಲ್ಲಿ ಒಂದು ‘ಹ’ಕಾರವಿದೆ, ಫ್ರೆಂಚರು ಅದನ್ನು ಉಚ್ಚರಿಸುವುದಿಲ್ಲ.)

ಅವರು ಹುಟ್ಟಿದ್ದು 1944ರ ಜನವರಿ 17ರಂದು, ಜರ್ಮನ್ನರ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ. ತಂದೆಗೆ ಬೇರೊಂದು ಸಂಸಾರವಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ನಗರದ ಒಂಬತ್ತನೆಯ ವಿಭಾಗದ ಪುಟ್ಟ ಮನೆಯಲ್ಲಿ ತಾಯಿ ಒಬ್ಬರೇ ಸಾಕಿದರು. ಶಾಲಾಂತ್ಯದ ಪರೀಕ್ಷೆ ಪಾಸಾದದ್ದಕ್ಕೆ ಉಡುಗೊರೆಯಾಗಿ ಗಿಟಾರ್ ಬಂತು. ರೇಡಿಯೊ ಲಕ್ಸೆಂಬರ್ಗ್‌ನಲ್ಲಿ ಇಂಗ್ಲಿಷ್ ಹಾಡು ಕೇಳುತ್ತ, ಗಿಟಾರಿನಲ್ಲಿ ನುಡಿಸಲು ಬಂದ ನಾಲ್ಕಾರು ಕಾರ್ಡ್‌ಗಳಲ್ಲೇ ಸ್ವಂತ ಹಾಡು ಹೊಸೆಯುವುದು ಶುರುವಾಯಿತು. 1961ರಲ್ಲಿ ವೋಗ್ ರೆಕಾರ್ಡ್ ಕಂಪನಿ ಕರಾರು ಮಾಡಿಕೊಂಡಿತು. ಮೊದಲ ರೆಕಾರ್ಡಿನಲ್ಲಿ ಕಂಪನಿ ನೆಚ್ಚಿಕೊಂಡಿದ್ದು ಅಮೆರಿಕದ ಹಾಡೊಂದರ ಫ್ರೆಂಚ್ ರೂಪವನ್ನು. ಆಗ ಫ್ರಾನ್ಸಿನಲ್ಲಿ ‘ಯೆಯೆ’ ಅಲೆ. ಅಮೆರಿಕದ ಹಿಟ್‌ಗಳಿಗೆ ಫ್ರೆಂಚ್ ಮಾತು ತೊಡಿಸಿ ಹದಿಹರೆಯದವರ ಕೈಲಿ ಹಾಡಿಸಿದರೆ ಸಾಕಿತ್ತು. ಹುಡುಗಿಯರು ಹಾಡಬೇಕು, ಹಾಡು ಬರೆಯುವವರು ಬೇರೆ ಇದ್ದರು. ಆದರೆ ಅದೇ ರೆಕಾರ್ಡಿನಲ್ಲಿದ್ದ ಆರ್ದಿಯ ಸ್ವಂತ ರಚನೆ ‘ತು ಲೆ ಗಾರ್ಸೋಂ ಎ ಲೆ ಫೀಯ್’ ಎಲ್ಲವನ್ನೂ ಮೀರಿ ಓಡಿತು. 1962ರ ಅಕ್ಟೋಬರ್ 28, ಭಾನುವಾರ. ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೇ ಎಂಬ ಪ್ರಶ್ನೆಗೆ ಅಧ್ಯಕ್ಷ ದ ಗಾಲ್ ಜನಮತ ಕೇಳಿದ್ದ ದಿನ. ದೇಶಕ್ಕೆಲ್ಲ ಇದ್ದದ್ದು ಒಂದೇ ಟಿವಿ ಚಾನೆಲ್. ಫಲಿತಾಂಶಕ್ಕೆ ಕಾಯುತ್ತಿದ್ದ ಮನೆಗಳಲ್ಲಿ, ನಡುವಿನ ಬಿಡುವು ತುಂಬಲು ಈ ಹದಿನೆಂಟರ ಹುಡುಗಿ ತನ್ನ ಹಾಡು ಹಾಡಿದಳು. ಆ ವರ್ಷವೇ ಬಂದ ಮೊದಲ ಆಲ್ಬಮ್ಮಿನ ಹನ್ನೆರಡು ಹಾಡುಗಳಲ್ಲಿ ಹತ್ತಕ್ಕೆ ಆಕೆಯದೇ ರಚನೆಯ ಕೈ.

ಆ ಹಾಡಿನಲ್ಲಿ ನಡೆಯುವುದು ಇಷ್ಟೇ: ತನ್ನ ವಯಸ್ಸಿನವರೆಲ್ಲ ಜೋಡಿ ಜೋಡಿಯಾಗಿ ಬೀದಿಯಲ್ಲಿ ಹೋಗುವುದನ್ನು ಒಬ್ಬಂಟಿ ಹುಡುಗಿಯೊಬ್ಬಳು ನೋಡುತ್ತಾಳೆ. ದೂರಿಲ್ಲ, ಗೋಳಾಟವಿಲ್ಲ. ಹಾಡು ಕೆಲವೇ ಸ್ವರಗಳ ನಡುವೆ ಓಡಾಡುತ್ತದೆ, ದುಃಖದ ಜಾಗ ಬಂದರೂ ಮೇಲಕ್ಕೆ ಹಾರುವುದಿಲ್ಲ. ಇದರ ಹೊಸತನ ತಿಳಿಯಬೇಕಾದರೆ ಪಕ್ಕದಲ್ಲಿ ಎಡಿತ್ ಪಿಯಾಫ್ ಅವರನ್ನು ಇಟ್ಟು ಕೇಳಬೇಕು. ಪಿಯಾಫ್ ಹರೆಯದಲ್ಲಿ ಪ್ಯಾರಿಸ್ ಬೀದಿಗಳಲ್ಲಿ ಹಾಡಿ ಕಾಸು ಕೂಡಿಸಿದವರು. ಆ ಕಂಠ ಗಾಡಿಗಳ ಸದ್ದನ್ನು ದಾಟಿ ಬೀದಿಯ ಕೊನೆ ಮುಟ್ಟಬೇಕಿತ್ತು, ಮುಟ್ಟುತ್ತಿತ್ತು. ಆರ್ದಿ ಕಲಿತದ್ದು ರೇಡಿಯೊ ಪಕ್ಕದಲ್ಲಿ ಕೂತು. ಹಾಡಿದ್ದು ಮೈಕಿನ ಮುಂದೆ. ಸ್ಟುಡಿಯೊ ಮೈಕಿಗೆ ಒಂದು ಗುಣವಿದೆ. ಬಾಯಿ ಹತ್ತಿರವಾದಷ್ಟೂ ದನಿಯ ತಳಭಾಗ ತುಂಬಿಕೊಳ್ಳುತ್ತದೆ, ಉಸಿರೂ ತುಟಿ ಬಿಡಿಸಿದ ಸದ್ದೂ ಅಕ್ಷರಗಳ ಅಂಚೂ ಕೇಳಿಸುತ್ತವೆ. ಗಟ್ಟಿ ದನಿಯವರು ಹಿಂದೆ ಸರಿದು ನಿಲ್ಲಬೇಕಾಗುತ್ತದೆ, ಆಗ ಈ ಸೂಕ್ಷ್ಮಗಳೆಲ್ಲ ಗಾಳಿಗೆ ಹೋಗುತ್ತವೆ. ಸಣ್ಣ ದನಿಯವರಿಗೆ ಮಾತ್ರ ಸಿಗುವ ಸವಲತ್ತು ಇದು, ಆರ್ದಿ ಅದನ್ನು ಬಿಡಲಿಲ್ಲ. ಆ ಮೊದಲ ರೆಕಾರ್ಡುಗಳ ಪಕ್ಕವಾದ್ಯದ ಬಗ್ಗೆ ಮಾತ್ರ ಅವರಿಗೆ ಕೊನೆತನಕ ಅಸಮಾಧಾನವಿತ್ತು. ಲಂಡನ್ನಿಗೆ ಹೋಗಿ ಚಾರ್ಲ್ಸ್ ಬ್ಲ್ಯಾಕ್‌ವೆಲ್ ಅವರ ವಾದ್ಯ ಸಂಯೋಜನೆಯಲ್ಲಿ ಧ್ವನಿಮುದ್ರಿಸಿದ ಮೇಲೆಯೇ ಹಾಡಿನ ಮೈಗೆ ಒಪ್ಪುವ ಬಟ್ಟೆ ಸಿಕ್ಕಿತು.

ಇಲ್ಲಿ ಒಂದು ತಕರಾರು ಬರುತ್ತದೆ, ಅದು ಸಣ್ಣದಲ್ಲ. ಆರ್ದಿ ಹೆಸರು ಹೇಳಿದೊಡನೆ ನೆನಪಾಗುವ ಹಾಡುಗಳಲ್ಲಿ ಹಲವು ಬೇರೆಯವರವು. 1964ರ ‘ಮೋನಾಮಿ ಲಾ ರೋಜ್’ ಅವರು ಬರೆದದ್ದಲ್ಲ. 1966ರ ‘ಲಾ ಮೇಝೋಂ ಊ ಜೆ ಗ್ರಾಂದಿ’ಯ ಮೂಲ ಇಟಲಿಯ ಚೆಲೆಂತಾನೊ ಅವರ ಹಾಡು. 1968ರ ‘ಕೊಮಾಂ ತ ದೀರ್ ಆದ್ಯು’ ಇಂಗ್ಲಿಷ್ ಹಾಡೊಂದಕ್ಕೆ ಸೆರ್ಜ್ ಗೇನ್ಸ್‌ಬೂರ್ ಕಟ್ಟಿದ ಫ್ರೆಂಚ್ ಪದ. ಹಾಗಿದ್ದ ಮೇಲೆ ಗೀತಕಾರ್ತಿ ಎನ್ನುವುದು ಎಷ್ಟು ಸರಿ? ಈ ಕೊನೆಯ ಹಾಡನ್ನೇ ಹತ್ತಿರದಿಂದ ನೋಡೋಣ. ಗೇನ್ಸ್‌ಬೂರ್ ಇಲ್ಲಿ ಪ್ರಾಸವನ್ನೆಲ್ಲ ‘ಎಕ್ಸ್’ ಎಂಬ ಕರಕರ ಸದ್ದಿನ ಮೇಲೆ ನಿಲ್ಲಿಸಿದ್ದಾರೆ. ಅದಕ್ಕಾಗಿ ಪದವನ್ನು ನಡುವೆಯೇ ಕತ್ತರಿಸಿ ಸಾಲು ಮುಗಿಸುತ್ತಾರೆ. ಕ್ಲೀನೆಕ್ಸ್ ಕಾಗದದ ಕರವಸ್ತ್ರ, ಪೈರೆಕ್ಸ್ ಗಾಜು ಎಲ್ಲವೂ ಬೀಳ್ಕೊಡುಗೆಯ ಹಾಡಿಗೆ ನುಗ್ಗುತ್ತವೆ. ಇದು ಚಮತ್ಕಾರದ ಪದ್ಯ. ಬೇರೆ ಯಾರಾದರೂ ಆಗಿದ್ದರೆ ಪ್ರತಿ ಪ್ರಾಸಕ್ಕೂ ಕಣ್ಣು ಮಿಟುಕಿಸಿ ಚಪ್ಪಾಳೆಗೆ ಕಾಯುತ್ತಿದ್ದರು. ಆರ್ದಿ ಅದನ್ನು ನೆಟ್ಟಗೆ ಹಾಡುತ್ತಾರೆ, ಕೆಲವು ಕಡೆ ಬರಿದೇ ಮಾತಾಡುತ್ತಾರೆ. ಹಾಗಾಗಿ ಆ ಜಾಣತನವೆಲ್ಲ ಅಳು ತಡೆಯಲು ಹುಡುಕಿಕೊಂಡ ಉಪಾಯದಂತೆ ಕೇಳಿಸತೊಡಗುತ್ತದೆ. ಪದ ಗೇನ್ಸ್‌ಬೂರ್ ಅವರದು. ಆ ಎರಡನೆಯ ಅರ್ಥ ಅವರದಲ್ಲ. ಆರಿಸುವುದು, ಹಿಂಜುವುದು, ಬೇಡದ್ದನ್ನು ಬಿಡುವುದು ಬರವಣಿಗೆಗೆ ಹೊರತಾದ ಕೆಲಸ ಎಂದು ನನಗನ್ನಿಸುವುದಿಲ್ಲ.

ಸಂಶಯ ಇನ್ನೂ ಉಳಿದಿದ್ದರೆ 1971ರ ‘ಲಾ ಕೆಸ್ತ್ಯೋಂ’ ಕೇಳಬೇಕು. ತೂಕಾ ಎಂಬ ಬ್ರೆಜಿಲ್‌ನ ಗಿಟಾರ್ ವಾದಕಿ ಆಗ ಪ್ಯಾರಿಸ್‌ನಲ್ಲಿದ್ದರು. ಅವರೊಡನೆ ಕೂತು ಚೆನ್ನಾಗಿ ತಾಲೀಮು ಮಾಡಿ ಮುದ್ರಿಸಿದ ಆಲ್ಬಮ್ ಇದು: ನೈಲಾನ್ ತಂತಿಯ ಗಿಟಾರು, ಒಂದು ಬಾಸ್, ಹಿನ್ನೆಲೆಗೆ ತೆಳುವಾಗಿ ಎಳೆದ ಪಿಟೀಲುಗಳು. ಡ್ರಮ್ಸ್ ಹೆಚ್ಚುಕಡಿಮೆ ಇಲ್ಲ. ಹಾಡು ಮುಂದೆ ಹೋಗುವುದು ಗಿಟಾರಿನ ಬೆರಳುಗಳಿಂದ ಮತ್ತು ಆರ್ದಿಯ ಉಸಿರಿನಿಂದ. ಒಂದು ಕಡೆಯಂತೂ ಮಾತನ್ನೇ ಬಿಟ್ಟು ಬರೀ ಗುನುಗು. ತಾಳವಾದ್ಯದ ಆಸರೆಯಿಲ್ಲದೆ ಕಾಲ ತಪ್ಪದಿರುವುದು, ಪಿಸುದನಿಯಲ್ಲಿ ಸ್ವರ ಜಾರದಿರುವುದು ಎಷ್ಟು ಕಷ್ಟವೆಂದು ಹಾಡಲು ಪ್ರಯತ್ನಿಸಿದವರಿಗೆ ಗೊತ್ತು. ಆಲ್ಬಮ್ ಆಗ ಅಷ್ಟಾಗಿ ಮಾರಾಟವಾಗಲಿಲ್ಲ. ಈಗ ಬಲ್ಲವರು ಆರ್ದಿಯ ಹೆಸರು ಬಂದರೆ ಮೊದಲು ಎತ್ತುವುದು ಇದನ್ನೇ. ಎರಡು ವರ್ಷದ ಮೇಲೆ ಬಂದ ‘ಮೆಸಾಜ್ ಪೆರ್ಸೊನೆಲ್’ ಇದಕ್ಕಿಂತ ಜನಪ್ರಿಯ; ಅದರ ರಾಗ, ಹಾಡುವ ಭಾಗ ಮಿಶೆಲ್ ಬೆರ್ಜೆಯದು. ಆದರೆ ಹಾಡಿಗೆ ಮುಂಚೆ ಬರುವ ಆ ಮಾತು, ಫೋನಿನಲ್ಲಿ ಯಾರಿಗೋ ಏನೋ ಹೇಳಹೊರಟು ಅಂಜುವ ಮಾತು, ಆರ್ದಿ ಬರೆದದ್ದು. ಬೆರ್ಜೆಯ ರಾಗ ಎತ್ತರಕ್ಕೇರುವುದು ಆ ಮಾತಿನ ತಗ್ಗಿನಿಂದ. ತಗ್ಗು ಇಲ್ಲದಿದ್ದರೆ ಆ ಏರಿಗೆ ಬೆಲೆಯಿಲ್ಲ.

ರೂಪದ ವಿಚಾರ ಬೇಗ ಮುಗಿಸಬಹುದು. ಜ್ಯಾಂ-ಮರಿ ಪೆರಿಯೆ ತೆಗೆದ ಫೋಟೊಗಳು, ಪಾಕೊ ರಬಾನ್‌ನ ಲೋಹದ ಉಡುಪು, 1964ರ ತಮ್ಮ ಆಲ್ಬಮ್ಮಿನ ಹಿಂಬದಿಗೆ ಬಾಬ್ ಡಿಲನ್ ಬರೆದ, ಇವರ ಹೆಸರು ಬರುವ ಕವಿತೆ: ಎಲ್ಲವೂ ನಿಜ. ಮುಖ ನೋಡಿ ಬಂದ ಕೀರ್ತಿಯಾದರೆ ಮುಖವಿದ್ದ ಕಡೆ ಅವರು ಇರಬೇಕಿತ್ತು. 1968ರ ಹೊತ್ತಿಗೆ, ಇನ್ನೂ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಕಛೇರಿಗಳನ್ನೇ ನಿಲ್ಲಿಸಿ ಸ್ಟುಡಿಯೊ ಸೇರಿಕೊಂಡರು. ಸಿನಿಮಾವನ್ನೂ ಬೆಳೆಸಲಿಲ್ಲ. ಇನ್ನು ಹಾಡೆಲ್ಲ ಒಂದೇ ಥರದ ವಿಷಾದ ಎಂಬ ಮಾತು. ಇದನ್ನು ಅರ್ಧ ಒಪ್ಪುತ್ತೇನೆ. ಎಪ್ಪತ್ತರ ದಶಕದ ಕೊನೆಯ ಕೆಲವು ಡಿಸ್ಕೊ ಛಾಯೆಯ ಆಲ್ಬಮ್‌ಗಳಲ್ಲಿ ಆ ವಿಷಾದ ಬರೀ ರೂಢಿಯಾಗಿದೆ, ಸಂಗೀತಕ್ಕೂ ಅದಕ್ಕೂ ಮಾತುಕತೆಯೇ ಇಲ್ಲ. ಆದರೆ 1988ರಲ್ಲಿ ಇದೇ ಕೊನೆಯ ಆಲ್ಬಮ್ ಎಂದು ಸಾರಿದ್ದವರು 1996ರಲ್ಲಿ ‘ಲ ದಾಂಜೆ’ಯೊಂದಿಗೆ ಮರಳಿದಾಗ ಸುತ್ತ ಕರ್ಕಶ ಎಲೆಕ್ಟ್ರಿಕ್ ಗಿಟಾರುಗಳಿದ್ದವು, ನಡುವೆ ದನಿ ಮಾತ್ರ ಹಿಂದಿನಷ್ಟೇ ಮೆಲ್ಲಗೆ. ಆ ವಿಷಾದಕ್ಕೆ ಅಲ್ಲಿ ಹಲ್ಲು ಬಂದಿದೆ. 2023ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಗಾಯಕರ ಇನ್ನೂರು ಹೆಸರು ಪಟ್ಟಿ ಮಾಡಿದಾಗ ಈ ಸಣ್ಣ ದನಿಗೂ ಜಾಗ ಕೊಟ್ಟಿತು. ಅಬ್ಬರದ ಕಂಠದ ಸೆಲೀನ್ ಡಿಯಾನ್‌ಗೆ ಕೊಡಲಿಲ್ಲ. ಇಂಥ ಪಟ್ಟಿಗಳ ಮೇಲೆ ನನಗೆ ನಂಬಿಕೆ ಕಡಿಮೆ, ಆದರೂ ಇದೊಂದನ್ನು ಸಾಕ್ಷಿಗೆ ಕರೆಯುವ ಆಸೆ ಬಿಡಲಾಗಲಿಲ್ಲ.

2004ರಲ್ಲಿ ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. ಅದರೊಂದಿಗೇ ಆಲ್ಬಮ್‌ಗಳೂ ಆತ್ಮಕಥೆಯೂ ಬಂದವು. ಕೊನೆಯದು 2018ರ ‘ಪೆರ್ಸೊನ್ ದೋತ್ರ್’: ಎಪ್ಪತ್ತನಾಲ್ಕರ ಕಂಠ, ಸ್ವಲ್ಪ ಕೆಳಗಿಳಿದಿದೆ, ಸಾವಿನ ಬಗ್ಗೆ ಹಾಡುವಾಗಲೂ ಎದ್ದು ನಿಲ್ಲುವುದಿಲ್ಲ. ಆಮೇಲಿನ ವಿಕಿರಣ ಚಿಕಿತ್ಸೆಯಿಂದ ಗಂಟಲು ಒಣಗಿ ಹಾಡುವುದೇ ನಿಂತುಹೋಯಿತು. ಸಂದರ್ಶನಗಳಿಗೆ ಉತ್ತರ ಬರೆದು ಕಳಿಸುತ್ತಿದ್ದರು. ಗುಣವಾಗದ ರೋಗಿಗೆ ತನ್ನ ಸಾವನ್ನು ಆರಿಸಿಕೊಳ್ಳುವ ಹಕ್ಕು ಕೊಡಿ ಎಂದು 2023ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಮ್ಯಾಕ್ರೋನ್ ಅವರಿಗೆ ಬಹಿರಂಗ ಪತ್ರ ಬರೆದರು. ಅಂಥ ಕಾನೂನನ್ನು ಕಾಣದೆಯೇ, 2024ರ ಜೂನ್ 11ರಂದು, ಅವರು ಹೋಗಿಬಿಟ್ಟರು.