ಹೃದಯಚಿಕಿತ್ಸೆಯ ಎರಡು ಪರಿಭಾಷೆಗಳು

ಆಘಾತದಿಂದ ಕೆಟ್ಟ ಹೃದಯವನ್ನು ಜೀನುಗಳಿಂದಲೂ ಜೀವಕೋಶಗಳಿಂದಲೂ ಒಟ್ಟಿಗೆ ಸರಿಪಡಿಸುವ ಯತ್ನವನ್ನು ಕನ್ನಡದಲ್ಲಿ ‘ವಂಶವಾಹಿ ಚಿಕಿತ್ಸೆ’, ‘ಕೋಶ ಕಸಿ’ ಎಂಬ ಶಬ್ದಗಳಿಂದ ವ್ಯವಹರಿಸುವುದುಂಟು. ಇವುಗಳ ಔಚಿತ್ಯವು ವಿಚಾರಣೀಯವಾಗಿದೆ.

ಮೊದಲು ವಿಷಯಸ್ವರೂಪ. ಹೃದಯದಲ್ಲಿ ಇಟ್ಟ ಕೋಶಗಳ ಬಹುಭಾಗವು ಅಲ್ಪಕಾಲದಲ್ಲಿಯೇ ನಶಿಸುವುದು. ೨೦೦೩ರಲ್ಲಿ ಅಮೆರಿಕದ ವಿಕ್ಟರ್ ಜೌ ಮೊದಲಾದವರು ಇಲಿಗಳ ಅಸ್ಥಿಮಜ್ಜೆಯ ಕೋಶಗಳಲ್ಲಿ ‘ಆಕ್ಟ್’ ಎಂಬ ಜೀನನ್ನು ಸೇರಿಸಿ ಹೃದಯದಲ್ಲಿ ಇಟ್ಟರೆ ಅವು ಹೆಚ್ಚಾಗಿ ಉಳಿಯುವುವೆಂದೂ ಹೃದಯದ ಕಾರ್ಯವು ಸುಧಾರಿಸುವುದೆಂದೂ ತೋರಿಸಿದರು.

ಇನ್ನು ಶಬ್ದವಿಚಾರ. ‘ವಂಶವಾಹಿ’ ಎಂಬಲ್ಲಿ ಅತಿವ್ಯಾಪ್ತಿದೋಷವಿದೆ. ಇಲ್ಲಿ ಸೇರಿಸಿದ ಗುಣವು ರೋಗಿಯ ದೇಹದಲ್ಲಿಯೇ ನಿಲ್ಲತಕ್ಕುದು, ಸಂತತಿಗೆ ಸಾಗತಕ್ಕುದಲ್ಲ. ಶಬ್ದವು ವಂಶವನ್ನೇ ಮುಂದಿಡುವುದರಿಂದ, ಒಪ್ಪಿಗೆ ಕೊಡಬೇಕಾದ ರೋಗಿಯು ಮಕ್ಕಳಿಗಾಗಿ ವೃಥಾ ಅಂಜುವನು. ‘ಕಸಿ’ಯಲ್ಲಿ ಅವ್ಯಾಪ್ತಿ. ಕಡಬ, ಪುತ್ತೂರುಗಳ ತೋಟಗಾರನು ಗೇರಿಗೆ ಕಸಿ ಕಟ್ಟಿದರೆ ಬುಡದ ಗಿಡವೂ ಕಸಿಕಡ್ಡಿಯೂ ತಮ್ಮ ತಮ್ಮ ಗುಣವನ್ನು ಬಿಡವು. ಇಲ್ಲಿಯಾದರೋ ಕೋಶದ ಗುಣವನ್ನೇ ಮೊದಲು ಮಾರ್ಪಡಿಸುವರು. ಆ ಬಳಿಕ ನಡೆಯುವ ಕೆಲಸವು, ಬೇರೆಡೆ ಬೆಳೆಸಿದ ನೇಜಿಯನ್ನು ಗದ್ದೆಗೆ ತಂದು ನೆಡುವ ‘ನಾಟಿ’ಗೆ ಹತ್ತಿರವಾದುದು.

ಆದುದರಿಂದ ‘ಜೀನ್’ ಶಬ್ದವನ್ನು ಹಾಗೆಯೇ ಉಳಿಸಿಕೊಂಡು ‘ಜೀನ್‌ಸಂಸ್ಕೃತ ಕೋಶನಾಟಿ’ ಎನ್ನುವುದು ಯುಕ್ತವೆಂದು ತೋರುತ್ತದೆ. ರೋಗಿಯ ಒಪ್ಪಿಗೆಯು ಶಬ್ದದ ಅರ್ಥವನ್ನು ಆಶ್ರಯಿಸಿರುವುದರಿಂದ ವಿದ್ವಾಂಸರು ಇದನ್ನು ಪರಿಶೀಲಿಸಬೇಕಾಗಿ ವಿಜ್ಞಾಪನೆ.