ಶೂನ್ಯಸಂಪಾದನೆಯಲ್ಲಿ ಸಂವಾದ ಮತ್ತು ನಿರೂಪಣೆ

ಪಾತ್ರಗಳ ಬಾಯಲ್ಲಿ ಸಹಜವಾದ ಮಾತನ್ನು ಇಡುವುದು, ಒಂದು ಗೋಷ್ಠಿಯಲ್ಲಿ ನಡೆದುದನ್ನು ಕಣ್ಣಿಗೆ ಕಟ್ಟುವಂತೆ ನಿರೂಪಿಸುವುದು, ಇವೆರಡೂ ಕಾದಂಬರಿ ನಾಟಕಗಳ ಮೂಲಕ ಹೊರಗಿನಿಂದ ಬಂದ ವಿದ್ಯೆಗಳೆಂಬ ಭಾವನೆ ನಮ್ಮ ಸಾಹಿತ್ಯ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ವಾಸ್ತವವಾಗಿ ಕನ್ನಡದಲ್ಲಿ ಈ ವಿದ್ಯೆಗೆ ಐದುನೂರು ವರ್ಷಗಳ ಹಿಂದೆಯೇ ಒಂದು ಹಿರಿಯ ಮಾದರಿ ಸಿದ್ಧವಾಗಿತ್ತು. ಅದು ಶೂನ್ಯಸಂಪಾದನೆ. ಅದನ್ನು ಶಾಸ್ತ್ರಗ್ರಂಥವೆಂದು ಗೌರವಿಸಿದ್ದೇವೆ. ಇಬ್ಬರು ಕುಳಿತು ಆಡುವ ಮಾತೆಂದು ಕಿವಿಗೊಟ್ಟು ಓದಿದ್ದು ಕಡಿಮೆ.

ನನ್ನದೇ ಒಂದು ತಪ್ಪಿನಿಂದ ಆರಂಭಿಸುವುದು ಉಚಿತ. ತಿಪಟೂರು ಸೀಮೆಯ ಒಂದು ಗ್ರಾಮದಲ್ಲಿ ಉಪಾಧ್ಯಾಯನಾಗಿದ್ದಾಗ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವನ್ನು ಬಸವಜಯಂತಿಗೆಂದು ನಾಟಕವಾಗಿ ಬರೆದು ಮಕ್ಕಳಿಂದ ಆಡಿಸಿದೆ. ಲಕ್ಕಮ್ಮನ ಬಾಯಲ್ಲಿ ಷಟ್‌ಸ್ಥಲದ ಪರಿಭಾಷೆಯನ್ನೆಲ್ಲ ತುಂಬಿದ್ದೆ. ನಾಟಕ ಮುಗಿದ ಮೇಲೆ, ಕೊಬ್ಬರಿ ಕೆಲಸದ ಕೂಲಿಗೆ ಹೋಗುತ್ತಿದ್ದ ವೃದ್ಧೆಯೊಬ್ಬರು ನನ್ನ ಬಳಿಗೆ ಬಂದು, "ಚೆನ್ನಾಗಿತ್ತು ಮೇಷ್ಟ್ರೆ. ಆದ್ರೆ ಆಯಮ್ಮ ಗಂಡನ ತಾವ ಮಾತಾಡ್ದಂಗಿರ್ಲಿಲ್ಲ, ಪುರಾಣ ಓದ್ದಂಗಿತ್ತು" ಎಂದರು. ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಅನಂತರವೂ ಕೇಳಲಿಲ್ಲ. ಅಂದಿನಿಂದ ಮೂಲವನ್ನು ಬೇರೊಂದು ಕಣ್ಣಿನಿಂದ ಓದತೊಡಗಿದೆ.

ಹನ್ನೆರಡನೆಯ ಶತಮಾನದ ವಚನಗಳು ಬಿಡಿಬಿಡಿಯಾದ ನುಡಿಗಳು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು 1012 ವಚನಗಳನ್ನು ಆಯ್ದು, ಪ್ರಭುದೇವರನ್ನು ಕೇಂದ್ರವಾಗಿರಿಸಿ, ಪ್ರಶ್ನೋತ್ತರ ರೂಪದಲ್ಲಿ ಜೋಡಿಸಿದರು. ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಕೊನೆಯವರ ಸಂಕಲನದಲ್ಲಿ ವಚನಗಳ ಸಂಖ್ಯೆ 1543. ಗೂಳೂರು ನಮ್ಮ ತುಮಕೂರಿನ ನೆರೆಯ ಊರು. ಸಿದ್ಧವೀರಣ್ಣೊಡೆಯರು ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಗೆ ಸೇರಿದವರು. ಈ ಗ್ರಂಥವನ್ನು 1930ರಲ್ಲಿ ಫ. ಗು. ಹಳಕಟ್ಟಿಯವರೂ 1958ರಲ್ಲಿ ಸಂ. ಶಿ. ಭೂಸನೂರಮಠರೂ ಪ್ರಕಟಿಸಿ ಉಪಕರಿಸಿದ್ದಾರೆ.

ಬಿಡಿ ವಚನಗಳು ಸಂವಾದವಾದುದು ಹೇಗೆ? ಮುಕ್ತಾಯಕ್ಕನ ಪ್ರಸಂಗವನ್ನು ನೋಡಬಹುದು. ಅಣ್ಣನೂ ಗುರುವೂ ಆದ ಅಜಗಣ್ಣನನ್ನು ಕಳೆದುಕೊಂಡು ಆಕೆ ಶೋಕಿಸುತ್ತಿದ್ದಾಳೆ. ಪ್ರಭುದೇವರು ಬಂದು ಅರಿವಿನ ಮಾತನ್ನು ಹೇಳುತ್ತಾರೆ. ಆಕೆ ತಲೆಬಾಗಿ ಒಪ್ಪಿಬಿಡುವುದಿಲ್ಲ. ಅರಿತವನಿಗೆ ಮಾತೇಕೆ ಎಂಬ ಅರ್ಥದಲ್ಲಿ ಪ್ರಭುವಿನ ನುಡಿಯನ್ನೇ ಹಿಡಿದು ಪ್ರಭುವನ್ನು ಪ್ರಶ್ನಿಸುತ್ತಾಳೆ. ಒಂದು ಮಾತಿನ ತುದಿಯನ್ನು ಹಿಡಿದು ಇನ್ನೊಂದು ಮಾತು ಹುಟ್ಟುತ್ತದೆ. ಎದುರಿನವರು ಆಡಿದ್ದನ್ನು ನಿಜವಾಗಿಯೂ ಕೇಳಿಸಿಕೊಂಡವರಂತೆ ಉತ್ತರಿಸುವುದೇ ಸಹಜ ಸಂವಾದದ ಮೊದಲ ಲಕ್ಷಣ. ಚಾಮರಸನೂ ಪ್ರಭುಲಿಂಗಲೀಲೆಯಲ್ಲಿ ಈ ಕಥೆಯನ್ನು ಸೊಗಸಾಗಿ ಹೇಳಿದ್ದಾನೆ. ಆದರೆ ಅಲ್ಲಿ ಇಬ್ಬರ ಧ್ವನಿಯನ್ನೂ ಭಾಮಿನಿಯ ಲಯವೊಂದೇ ಹೊತ್ತು ನಡೆಯುತ್ತದೆ. ಇಲ್ಲಿ ಇಬ್ಬರ ಉಸಿರೂ ಬೇರೆ ಬೇರೆ.

ಲಕ್ಕಮ್ಮನ ಪ್ರಸಂಗದಲ್ಲಿ ಮಾತು ಹುಟ್ಟುವುದು ಕೆಲಸದಿಂದ. ಗೋಷ್ಠಿಯಲ್ಲಿ ಮೈಮರೆತ ಗಂಡನಿಗೆ ಆಕೆ ಕಾಯಕದ ಹೊತ್ತು ಮೀರಿತೆಂದು ನೆನಪಿಸುತ್ತಾಳೆ. ಆತ ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರಬೇಕೆಂದು ಹೇಳುತ್ತಾಳೆ. ಆಕೆಯ ತತ್ತ್ವವೆಲ್ಲವೂ ಆ ಹೆಚ್ಚಿನ ಹಿಡಿ ಅಕ್ಕಿಯಲ್ಲಿದೆ. ಅದನ್ನು ಬಿಟ್ಟು ಪರಿಭಾಷೆಯನ್ನು ಹಿಡಿದುದೇ ನನ್ನ ನಾಟಕದ ದೋಷ.

ಇನ್ನು ನಿರೂಪಣೆ. ವಚನಗಳ ನಡುವೆ ಸಂಕಲನಕಾರರು ಬರೆದ ಗದ್ಯ ಬಹುಮಟ್ಟಿಗೆ ಮಿತವಾದುದು. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ನುಡಿದರೆಂದು ತಿಳಿಸಿ ಅದು ಪಕ್ಕಕ್ಕೆ ಸರಿಯುತ್ತದೆ. ಸೊನ್ನಲಿಗೆಯಲ್ಲಿ ಪ್ರಭುದೇವರು ಸಿದ್ಧರಾಮರ ಹೆಸರನ್ನು ಹಗುರವಾಗಿ ಹಿಡಿದು ಕೇಳುವುದು, ಕೆರೆಯ ಕೆಲಸಗಾರರು ಕೆರಳಿ ಕಲ್ಲೆಸೆಯುವುದು, ಸಿದ್ಧರಾಮರು ಕೋಪದಿಂದ ಬರುವುದು, ಇಷ್ಟನ್ನು ಹೇಳಿದರೆ ಸಾಕು. ಮುಂದಿನ ಮಾತುಗಳಿಗೆ ಬೇಕಾದ ಕಾವು ತಾನಾಗಿಯೇ ಒದಗುತ್ತದೆ. ಇಂದು ನಮ್ಮ ಸಭೆಗಳ ವರದಿಗಳನ್ನು ಬರೆಯುವವರು 'ಮಾರ್ಮಿಕವಾಗಿ ನುಡಿದರು', 'ಮನಮುಟ್ಟುವಂತೆ ವಿವರಿಸಿದರು' ಎಂದು ತುಂಬಿಸುತ್ತಾರೆ. ನುಡಿದುದೇನೆಂಬುದು ಮಾತ್ರ ಓದುಗನಿಗೆ ಸಿಕ್ಕುವುದಿಲ್ಲ.

ಗ್ರಂಥದಲ್ಲಿ ಕೊರತೆಗಳಿಲ್ಲವೆಂದಲ್ಲ. ತತ್ತ್ವನಿರೂಪಣೆ ದೀರ್ಘವಾದ ಕಡೆಗಳಲ್ಲಿ ಹೆಸರನ್ನೂ ಅಂಕಿತವನ್ನೂ ಮರೆಮಾಡಿ ಓದಿದರೆ ಮಾತು ಯಾರದೆಂದು ತಿಳಿಯುವುದು ಕಷ್ಟ. ಅಲ್ಲಿ ಸಂವಾದ ನಿಂತು ಪಾಠ ಆರಂಭವಾಗಿರುತ್ತದೆ.

ಇದಕ್ಕಿಂತ ಮುಖ್ಯವಾದ ಎಚ್ಚರ ಇನ್ನೊಂದಿದೆ. ಶರಣರ ಕಾಲಕ್ಕೂ ಮೊದಲ ಸಂಕಲನಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ಸಂಭಾಷಣೆಯ ಈ ಜೋಡಣೆ ಸಂಕಲನಕಾರರದು. ಸಿದ್ಧರಾಮರ ದೀಕ್ಷೆಯ ವಿಷಯದಲ್ಲಿ ಅವರವರಲ್ಲಿಯೇ ಭಿನ್ನತೆಯಿದೆ. ಸಂವಾದ ಸಹಜವಾಗಿದೆಯೆಂಬ ಒಂದೇ ಕಾರಣದಿಂದ ಅದನ್ನು ಪ್ರತ್ಯಕ್ಷ ಸಾಕ್ಷಿಯ ವರದಿಯೆಂದು ವೇದಿಕೆಗಳಲ್ಲಿ ಉದ್ಧರಿಸುವುದು, ಅದರ ಆಧಾರದಿಂದ ಇತಿಹಾಸದ ವಾದಗಳನ್ನು ಗೆಲ್ಲಹೊರಡುವುದು ಸಾಧುವಲ್ಲ. ಹಾಗೆ ಮಾಡಿದರೆ ವಚನಕಾರರಿಗೂ ಅನ್ಯಾಯ, ಸಂಕಲನಕಾರರ ಪ್ರತಿಭೆಗೂ ಅನ್ಯಾಯ. ವಚನ ಶರಣರದು, ಸಂದರ್ಭ ಸಂಕಲನಕಾರರದು. ಈ ವಿವೇಕದಿಂದ ಭಕ್ತಿಗೆ ಯಾವ ಲೋಪವೂ ಬಾರದು. ಮುಕ್ತಾಯಕ್ಕನು ಪ್ರಭುವನ್ನೇ ಪ್ರಶ್ನಿಸಿದಳೆಂದು ಬರೆದಿಟ್ಟ ಪರಂಪರೆ ಓದುಗನ ಪ್ರಶ್ನೆಗೆ ಅಂಜುವುದೇ?

ಶರಣರ ಬಾಯಲ್ಲಿ ಮಾತನ್ನಿಡಲು ಹೊರಟ ನಾಟಕಕಾರರು, ವರದಿಗಾರರು, ನಮ್ಮ ಉಪಾಧ್ಯಾಯ ಮಿತ್ರರು ಮೊದಲು ಕೇಳುವುದನ್ನು ಅಭ್ಯಾಸ ಮಾಡಬೇಕು. ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಸಂತೆಯಲ್ಲಿ ಒಂದು ಗಳಿಗೆ ನಿಂತರೂ ತಿಳಿದೀತು, ಯಾವ ಇಬ್ಬರೂ ಒಂದೇ ಬಗೆಯಲ್ಲಿ ಮಾತನಾಡುವುದಿಲ್ಲ. ಕಲ್ಯಾಣದಲ್ಲಿಯೂ ಹಾಗೆಯೇ ಇದ್ದಿರಬೇಕು. ಮುಂದೊಂದು ವರ್ಷ ಆ ನಾಟಕವನ್ನು ತಿದ್ದಿ ಮತ್ತೆ ಆಡಿಸಿದೆ. ಲಕ್ಕಮ್ಮನಿಗೆ ಉಳಿದದ್ದು ಆರೇಳು ಮಾತು, ಕೈಯಲ್ಲೊಂದು ಮೊರ. ಆ ವೃದ್ಧೆ ಆ ಸಲವೂ ಬಂದಿದ್ದರು. ಏನನ್ನೂ ಹೇಳದೆ, ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಗೆ ಹೋದರು.